ಹೊಳೆಯಿಂದ ಮನೆಗೆ: ವೀರಶೈವ ಮಜ್ಜನವಿಧಿಯ ಚಾರಿತ್ರಿಕ ಹಿನ್ನೆಲೆ

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಅನಂತರ ಮೈಸೂರು ಸೀಮೆಯಲ್ಲಿ ದೀರ್ಘಕಾಲ ನೆಲೆಸಿ, 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಈ ನಾಡಿನ ಆಚಾರವಿಚಾರಗಳನ್ನು ಕುರಿತು ಬರೆದ ಗ್ರಂಥವು ಸುಪ್ರಸಿದ್ಧವಾದುದು. 1816ರಲ್ಲಿ ಅದು ಮೊದಲು ಇಂಗ್ಲಿಷಿನಲ್ಲಿ ಅಚ್ಚಾಯಿತು; ಪರಿಷ್ಕೃತ ರೂಪದ ಅನುವಾದವು 1897ರಲ್ಲಿ ಹೊರಬಂದಿತು. ಈ ಗ್ರಂಥದಲ್ಲಿ ಲಿಂಗವಂತರ ಬಗೆಗೆ ಒಂದು ಮಾತಿದೆ. ಸ್ತ್ರೀಯರ ಮಾಸಿಕ ಧರ್ಮದಿಂದಾಗಲಿ, ಬಂಧುಗಳ ಮರಣದಿಂದಾಗಲಿ ಮೈಲಿಗೆಯುಂಟಾಗುವುದೆಂಬುದನ್ನು ಇವರು ಒಪ್ಪುವುದಿಲ್ಲವೆಂದೂ, ಆದುದರಿಂದಲೇ ಲಿಂಗವಂತನ ಪಾಲಿಗೆ ಹೊಳೆಯೆಂಬುದೇ ಇಲ್ಲವೆಂಬ ಅರ್ಥದ ಗಾದೆಯೊಂದು ಇತರರಲ್ಲಿ ಬಳಕೆಗೆ ಬಂದಿದೆಯೆಂದೂ ಅವನು ದಾಖಲಿಸಿದ್ದಾನೆ.

ಗಾದೆಯ ದನಿ ನಿಂದೆಯದು. ಸ್ನಾನಶೌಚಗಳ ಗೊಡವೆಯಿಲ್ಲದ ಜನರೆಂಬುದು ಅದರ ಇಂಗಿತ. ಆದರೆ ನಿಂದೆಯ ಮಾತಿನಲ್ಲಿಯೂ ಕೆಲವೊಮ್ಮೆ ಚರಿತ್ರೆಯ ಸತ್ಯವೊಂದು ಅಡಗಿರುತ್ತದೆ. ನಿತ್ಯವೂ ಮಿಂದು, ವಿಭೂತಿಯನ್ನು ಧರಿಸಿ, ಅಂಗೈಯ ಲಿಂಗಕ್ಕೆ ಮಜ್ಜನಕ್ಕೆರೆಯದೆ ಬಾಯಿಗೆ ನೀರು ಹಾಕದ ಜನರನ್ನು ಕುರಿತು ಇಂತಹ ಗಾದೆ ಹುಟ್ಟಿದುದು ಹೇಗೆ? ಲಿಂಗವಂತನಿಗೆ ಹೊಳೆ ಇಲ್ಲದಿದ್ದರೆ ಅವನ ಸ್ನಾನ ಯಾವುದು? ಈ ಪ್ರಶ್ನೆಗೆ ಉತ್ತರವನ್ನು ಅರಸಹೊರಟರೆ, ಹೊಳೆಯ ದಡದಲ್ಲಿದ್ದ ಪುಣ್ಯಸ್ನಾನವು ಮನೆಯ ಬಚ್ಚಲಿಗೂ ಪೂಜೆಯ ಮಣೆಗೂ ಬಂದು ನೆಲೆಸಿದ ದೀರ್ಘ ಇತಿಹಾಸವು ತೆರೆದುಕೊಳ್ಳುತ್ತದೆ.

ಧರ್ಮಶಾಸ್ತ್ರಗಳಲ್ಲಿ ಸ್ನಾನ

ಭಾರತೀಯರಲ್ಲಿ ಸ್ನಾನವು ಮೈಯ ಕೊಳೆಯನ್ನು ಕಳೆಯುವ ಕ್ರಿಯೆಯಷ್ಟೇ ಆಗಿರಲಿಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜಲದೇವತೆಗಳನ್ನು ಕುರಿತ ಸೂಕ್ತವಿದ್ದು, ಅದರ ಮಂತ್ರಗಳು ಇಂದಿಗೂ ಸಂಧ್ಯಾವಂದನೆಯ ಮಾರ್ಜನದಲ್ಲಿ ಬಳಕೆಯಾಗುತ್ತವೆ. ಗುರುಕುಲವಾಸವನ್ನು ಮುಗಿಸಿದ ವಟುವಿಗೆ ಸಮಾವರ್ತನವೆಂಬ ಸಂಸ್ಕಾರವನ್ನು ಗೃಹ್ಯಸೂತ್ರಗಳು ವಿಧಿಸಿವೆ. ಅದರ ಮುಖ್ಯಾಂಗವೇ ಸ್ನಾನ. ಪಾರಸ್ಕರ ಗೃಹ್ಯಸೂತ್ರದಲ್ಲಿ ಇದಕ್ಕಾಗಿ ಎಂಟು ಜಲಕುಂಭಗಳನ್ನು ಇರಿಸುವ ವಿಧಿಯಿದೆ. ಹೀಗೆ ಮಿಂದು ಹೊರಬಂದವನು ‘ಸ್ನಾತಕ’ನೆನಿಸಿಕೊಂಡನು. ಇಂದು ವಿಶ್ವವಿದ್ಯಾನಿಲಯಗಳು ನೀಡುವ ಸ್ನಾತಕ, ಸ್ನಾತಕೋತ್ತರ ಪದವಿಗಳ ಹೆಸರಿನಲ್ಲಿ ಆ ಪ್ರಾಚೀನ ಮಜ್ಜನದ ನೆನಪು ಉಳಿದುಬಂದಿದೆ.

ಮುಂದೆ ಸ್ಮೃತಿಕಾರರು ಸ್ನಾನವನ್ನು ಗೃಹಸ್ಥನ ಆಹ್ನಿಕದ ಮೊದಲ ಮೆಟ್ಟಿಲಾಗಿ ಮಾಡಿದರು. ದಕ್ಷಸ್ಮೃತಿಯು ದಿನವನ್ನು ಎಂಟು ಭಾಗಗಳಾಗಿ ವಿಂಗಡಿಸಿ, ಪ್ರತಿಯೊಂದು ಭಾಗಕ್ಕೂ ತಕ್ಕ ಕರ್ತವ್ಯಗಳನ್ನು ಹೇಳುತ್ತದೆ. ನವದ್ವಾರಗಳಿಂದ ಹಗಲಿರುಳೂ ಮಲವನ್ನು ಸ್ರವಿಸುವ ದೇಹವು ಪ್ರಾತಃಸ್ನಾನದಿಂದ ಶುದ್ಧವಾಗುವುದೆಂಬುದು ಅದರ ಅಭಿಪ್ರಾಯ. ಆದರೆ ಎಲ್ಲಿ ಮೀಯಬೇಕು? ನದಿ, ದೇವಖಾತ, ತಟಾಕ, ಸರೋವರ, ಝರಿಗಳಲ್ಲಿ ಮೀಯತಕ್ಕದ್ದೆಂದು ಮನುಸ್ಮೃತಿಯು ಹೇಳುತ್ತದೆ. ಪರರು ತೋಡಿಸಿದ ಕೊಳದಲ್ಲಿ ಮಿಂದರೆ ತೋಡಿಸಿದವನ ಪಾಪದಲ್ಲಿ ಒಂದಂಶವು ಅಂಟಿಕೊಳ್ಳುವುದೆಂಬ ಎಚ್ಚರಿಕೆಯೂ ಅಲ್ಲಿದೆ. ಅನಿವಾರ್ಯವಾದರೆ ಐದು ಮಣ್ಣುಂಡೆಗಳನ್ನು ಮೇಲೆತ್ತಿ ಹಾಕಿದ ಬಳಿಕವೇ ಅಲ್ಲಿ ಮೀಯಬಹುದೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಹರಿಯುವ ನೀರೇ ಶ್ರೇಷ್ಠ, ಮನೆಯಲ್ಲಿ ಕಾಯಿಸಿದ ನೀರು ಅಶಕ್ತರಿಗೆ ಎಂಬ ತಾರತಮ್ಯವು ಈ ಗ್ರಂಥಗಳಲ್ಲಿ ಸ್ಪಷ್ಟವಾಗಿದೆ.

ಎಲ್ಲರೂ ಹೊಳೆಯ ದಡದಲ್ಲಿ ವಾಸಿಸುವುದಿಲ್ಲ, ಎಲ್ಲರೂ ನಿರೋಗಿಗಳಾಗಿರುವುದಿಲ್ಲ. ಆದುದರಿಂದ ಶಾಸ್ತ್ರಕಾರರು ಸ್ನಾನವನ್ನು ಏಳು ಬಗೆಯಾಗಿ ವಿಸ್ತರಿಸಿದರು. ಮಂತ್ರಪೂರ್ವಕ ಪ್ರೋಕ್ಷಣೆಯು ಮಂತ್ರಸ್ನಾನ, ಮೃತ್ತಿಕೆಯನ್ನು ಪೂಸಿಕೊಳ್ಳುವುದು ಭೌಮ, ಭಸ್ಮವನ್ನು ಧರಿಸುವುದು ಆಗ್ನೇಯ, ಗೋವುಗಳ ಗೊರಸಿನ ಧೂಳಿಗೆ ಮೈಯೊಡ್ಡುವುದು ವಾಯವ್ಯ, ಬಿಸಿಲಿರುವಾಗ ಸುರಿಯುವ ಮಳೆಯಲ್ಲಿ ನೆನೆಯುವುದು ದಿವ್ಯ, ನೀರಿನಲ್ಲಿ ಮುಳುಗುವುದು ವಾರುಣ, ಆತ್ಮಚಿಂತನೆಯು ಮಾನಸ. ಒದ್ದೆಯ ಬಟ್ಟೆಯಿಂದ ಮೈಯೊರೆಸಿಕೊಳ್ಳುವುದಕ್ಕೂ ಕಾಪಿಲಸ್ನಾನವೆಂಬ ಹೆಸರಿತ್ತು. ಇವುಗಳಲ್ಲಿ ವಾರುಣವೇ ಮುಖ್ಯ. ಉಳಿದವು ಗೌಣ, ಎಂದರೆ ಮುಖ್ಯವನ್ನು ನೆರವೇರಿಸಲಾರದವರಿಗೆ ಒದಗಿಸಿಕೊಟ್ಟ ಬದಲಿ ಮಾರ್ಗಗಳು. ಮನೆಯಲ್ಲಿ ಮೀಯುವವನು ಕಲಶದ ನೀರಿನಲ್ಲಿ ಗಂಗೆಯಿಂದ ಕಾವೇರಿಯವರೆಗಿನ ಏಳು ನದಿಗಳನ್ನು ಆವಾಹಿಸಿಕೊಳ್ಳುವ ಸಂಪ್ರದಾಯವೂ ಇದೇ ಬಗೆಯದು. ನದಿಯ ಬಳಿಗೆ ಹೋಗಲಾರದವನ ಮನೆಗೆ ನದಿಯೇ ಹೆಸರಿನ ಮೂಲಕ ಬರಬೇಕಾಯಿತು.

ಆದರೆ ಈ ವ್ಯವಸ್ಥೆಯಲ್ಲಿ ಒಂದು ಗೋಡೆಯಿತ್ತು. ಸ್ನಾನವನ್ನು ಕೇವಲ ಮೈತೊಳೆತದಿಂದ ಬೇರ್ಪಡಿಸುತ್ತಿದ್ದುದು ವೈದಿಕ ಮಂತ್ರ. ಸ್ತ್ರೀಯರೂ ಶೂದ್ರರೂ ಮಂತ್ರವಿಲ್ಲದೆ ಮೌನವಾಗಿ ಮೀಯಬೇಕೆಂಬುದು ಶಾಸ್ತ್ರಗಳ ಕಟ್ಟಳೆ. ಹೊಳೆಯ ನೀರು ಎಲ್ಲರದಾದರೂ ಆ ನೀರನ್ನು ತೀರ್ಥವಾಗಿಸುವ ಮಾತು ಎಲ್ಲರದಾಗಿರಲಿಲ್ಲ.

ಭಸ್ಮಸ್ನಾನದ ಮೂಲ

ಸ್ಮೃತಿಕಾರರು ಗೌಣವೆಂದು ಎಣಿಸಿದ ಆಗ್ನೇಯಸ್ನಾನವನ್ನೇ ಮುಖ್ಯವೆಂದು ಸ್ವೀಕರಿಸಿದವರು ಶೈವರು. ಇದರ ಅತ್ಯಂತ ಪ್ರಾಚೀನ ರೂಪವು ಪಾಶುಪತಸೂತ್ರಗಳಲ್ಲಿ ಕಾಣುತ್ತದೆ. ಕೌಂಡಿನ್ಯನ ಭಾಷ್ಯದೊಡನೆ 1940ರಲ್ಲಿ ತಿರುವನಂತಪುರದಿಂದ ಪ್ರಕಟವಾದ ಈ ಗ್ರಂಥವು ಪಾಶುಪತ ಸಾಧಕನಿಗೆ ದಿನಕ್ಕೆ ಮೂರು ಸಲ ಭಸ್ಮದಿಂದ ಮೀಯುವಂತೆಯೂ, ಭಸ್ಮದಲ್ಲಿಯೇ ಮಲಗುವಂತೆಯೂ ಆದೇಶಿಸುತ್ತದೆ. ಸುಟ್ಟು ಉಳಿದ ಬೂದಿಯು ಮತ್ತೆ ಸುಡಲಾರದು, ಕೊಳೆಯಲಾರದು. ವಿಕಾರಗಳೆಲ್ಲ ಅಳಿದ ಮೇಲೆ ಉಳಿಯುವ ವಸ್ತು ಅದು. ದೇಹದ ನಶ್ವರತೆಯನ್ನು ನೆನಪಿಸುವ ದ್ರವ್ಯವೇ ದೇಹವನ್ನು ಶುದ್ಧಗೊಳಿಸುವ ದ್ರವ್ಯವಾಯಿತು.

ಮುಂದೆ ಬೃಹಜ್ಜಾಬಾಲವೇ ಮೊದಲಾದ ಉಪನಿಷತ್ತುಗಳು ಭಸ್ಮದ ಉತ್ಪತ್ತಿ, ಭೇದ, ಧಾರಣಕ್ರಮಗಳನ್ನು ವಿಸ್ತರಿಸಿದವು. ಶಿವನ ಪಂಚಮುಖಗಳಿಂದ ನಂದಾ, ಭದ್ರಾ, ಸುರಭಿ, ಸುಶೀಲಾ, ಸುಮನಾ ಎಂಬ ಐದು ಗೋವುಗಳು ಜನಿಸಿದುವೆಂದೂ, ಅವುಗಳ ಗೋಮಯದಿಂದ ವಿಭೂತಿ, ಭಸಿತ, ಭಸ್ಮ, ಕ್ಷಾರ, ರಕ್ಷೆಗಳೆಂಬ ಐದು ಬಗೆಯ ಭಸ್ಮಗಳು ಆದುವೆಂದೂ ಅಲ್ಲಿ ನಿರೂಪಿತವಾಗಿದೆ. ಈಶಾನಮಂತ್ರದಿಂದ ತಲೆ, ತತ್ಪುರುಷದಿಂದ ಮುಖ, ಅಘೋರದಿಂದ ಎದೆ, ವಾಮದೇವದಿಂದ ಗುಹ್ಯ, ಸದ್ಯೋಜಾತದಿಂದ ಪಾದ, ಹೀಗೆ ಅಡಿಯಿಂದ ಮುಡಿಯವರೆಗೆ ದೇಹವನ್ನೆಲ್ಲ ಶಿವನ ಐದು ಮುಖಗಳಿಗೆ ಒಪ್ಪಿಸುವುದೇ ಭಸ್ಮಸ್ನಾನದ ತಿರುಳು.

ಇಲ್ಲಿಯೂ ಒಂದು ಗೋಡೆಯಿದ್ದುದು ಗಮನಾರ್ಹ. ಪಾಶುಪತವ್ರತವು ಬ್ರಾಹ್ಮಣ ಪುರುಷನಿಗೆ ಮೀಸಲಾಗಿತ್ತು. ಸ್ತ್ರೀಯರೊಡನೆಯೂ ಶೂದ್ರರೊಡನೆಯೂ ಮಾತನಾಡಲಾಗದೆಂಬ ನಿಷೇಧವು ಅದೇ ಸೂತ್ರಗಳಲ್ಲಿದೆ. ಅಕಸ್ಮಾತ್ತಾಗಿ ಅಂತಹ ಸಂಪರ್ಕವಾದರೆ ಆಚಮನ, ಪ್ರಾಣಾಯಾಮ, ಮಂತ್ರಜಪಗಳಿಂದ ಶುದ್ಧಿಯನ್ನು ಪಡೆಯಬೇಕಾಗಿತ್ತು. ಹೊಳೆಯ ಸ್ನಾನವನ್ನು ಮೀರಿದ ಸಾಧಕನು ಹುಟ್ಟಿನ ಮೈಲಿಗೆಯನ್ನು ಮೀರಿರಲಿಲ್ಲ. ಬೂದಿಯು ಎಲ್ಲವನ್ನೂ ಒಂದಾಗಿಸುತ್ತದೆಂದು ನಂಬಿದವರೇ ಮನುಷ್ಯರನ್ನು ಬೇರೆಬೇರೆಯಾಗಿ ಕಂಡರು.

ಲಾಕುಲ ಪರಂಪರೆಯ ಕಾಳಾಮುಖ ಮುನಿಗಳು ಕರ್ನಾಟಕದಲ್ಲಿ ವಿಶೇಷ ಪ್ರಭಾವವನ್ನು ಹೊಂದಿದ್ದರು. ಬಳ್ಳಿಗಾವೆಯ ಕೋಡಿಯಮಠವು ಶಾಸ್ತ್ರಾಧ್ಯಯನದ ಕೇಂದ್ರವೂ, ಅನ್ನದಾನ, ರೋಗಿಗಳ ಚಿಕಿತ್ಸೆಗಳ ತಾಣವೂ ಆಗಿದ್ದಿತೆಂದು 1162ರ ಶಾಸನವು ಕೊಂಡಾಡುತ್ತದೆ. ಇದು ಬಿಜ್ಜಳನ ಕಾಲದ ಶಾಸನ. ಎಂದರೆ ಕಲ್ಯಾಣದಲ್ಲಿ ಬಸವಣ್ಣನವರು ಕಾರ್ಯೋನ್ಮುಖರಾಗಿದ್ದ ಕಾಲವೇ ಹೌದು. ಬಳ್ಳಿಗಾವೆಯ ಮಠದಲ್ಲಿ ತಪಸ್ವಿಯ ಮೈಮೇಲಿದ್ದ ಭಸ್ಮವು, ಅದೇ ದಶಕಗಳಲ್ಲಿ ಕಲ್ಯಾಣದ ಕಾಯಕಜೀವಿಗಳ ಹಣೆಗೆ ಬಂದಿತು.

ಕಲ್ಯಾಣದ ಎರಡು ಮಜ್ಜನಗಳು

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸ್ನಾನವನ್ನು ಕುರಿತು ಎರಡು ಭಿನ್ನ ದೃಷ್ಟಿಗಳನ್ನು ಕಾಣಬಹುದು. ಮೊದಲನೆಯದು ಅರಮನೆಯದು. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸು. 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಇಪ್ಪತ್ತು ಉಪಭೋಗಗಳ ವರ್ಣನೆಯಿದೆ. ಅವುಗಳಲ್ಲಿ ಸ್ನಾನಭೋಗವೂ ಒಂದು. ಪರಿಮಳತೈಲಗಳ ಅಭ್ಯಂಗ, ಮೈಯೊತ್ತುವಿಕೆ, ಸುಗಂಧಚೂರ್ಣಗಳ ಲೇಪ, ಬೆಚ್ಚನೆಯ ನೀರು, ಇವೆಲ್ಲವುಗಳಿಂದ ಅರಸನ ಮಜ್ಜನವು ಒಂದು ಕಲೆಯೆನಿಸಿತ್ತು. ಇಲ್ಲಿ ಸ್ನಾನದ ಗುರಿ ದೇಹಸುಖ.

ಎರಡನೆಯದು ಶರಣರ ಮನೆಯದು. ಸೋಮೇಶ್ವರನ ಕೃತಿ ಹೊರಬಂದ ಮೂರುನಾಲ್ಕು ದಶಕಗಳಲ್ಲಿಯೇ ಅದೇ ನಗರದಲ್ಲಿ ‘ಮಜ್ಜನ’ವೆಂಬ ಶಬ್ದಕ್ಕೆ ಹೊಸ ಹೊಳಪು ಬಂದಿತು. ಸಂಸ್ಕೃತದಲ್ಲಿ ಮುಳುಗುವುದೆಂಬ ಅರ್ಥವುಳ್ಳ ಧಾತುವಿನಿಂದ ಬಂದ ಪದವಿದು. ಅಚ್ಚಗನ್ನಡದಲ್ಲಿ ಮೀಯುವುದು, ಮೀಹ ಎಂಬ ಪದಗಳಿದ್ದುವು. ನೀರೆರೆದುಕೊಳ್ಳುವುದು, ಜಳಕ ಮಾಡುವುದು ಆಡುನುಡಿಯಲ್ಲಿ ಇಂದಿಗೂ ಬಳಕೆಯಲ್ಲಿವೆ. ವಚನಕಾರರು ‘ಮಜ್ಜನಕ್ಕೆರೆ’ ಎಂಬ ನುಡಿಗಟ್ಟನ್ನು ಬಹುಮಟ್ಟಿಗೆ ಲಿಂಗಕ್ಕೆ ನೀರೆರೆಯುವ ಅರ್ಥದಲ್ಲಿ ಬಳಸಿದ್ದಾರೆ. ಮನುಷ್ಯನು ನೀರಿನಲ್ಲಿ ಮುಳುಗುವುದೆಂಬ ಅರ್ಥದ ಪದವು, ಮನುಷ್ಯನು ತನ್ನ ಕೈಯಾರೆ ಲಿಂಗಕ್ಕೆ ನೀರೆರೆಯುವುದೆಂಬ ಅರ್ಥಕ್ಕೆ ತಿರುಗಿತು. ಅರ್ಥಪಲ್ಲಟದ ಜೊತೆಗೆ ಧಾರ್ಮಿಕ ಪಲ್ಲಟವೂ ಇಲ್ಲಿ ಆಗಿದೆ. ಪುಣ್ಯವನ್ನು ಗಳಿಸಿಕೊಳ್ಳಲು ಮೀಯುವವನು ಸೇವೆಗಾಗಿ ನೀರೆರೆಯುವವನಾದನು.

ದೇವಾಲಯದ ಗರ್ಭಗುಡಿಯಲ್ಲಿ ಅರ್ಚಕನೊಬ್ಬನೇ ಮಾಡಬಹುದಾಗಿದ್ದ ಅಭಿಷೇಕವು ಇಷ್ಟಲಿಂಗದ ಮೂಲಕ ಪ್ರತಿಯೊಬ್ಬನ, ಪ್ರತಿಯೊಬ್ಬಳ ಅಂಗೈಗೆ ಬಂದಿತು. ಹೊಳೆಯ ದಡ, ಪುಷ್ಕರಿಣಿಯ ಸೋಪಾನ, ಗರ್ಭಗುಡಿಯ ಹೊಸ್ತಿಲು, ಈ ಮೂರು ಕಡೆಗಳಲ್ಲಿ ತಡೆದು ನಿಲ್ಲಿಸಲ್ಪಟ್ಟವರಿಗೆ ಒಂದು ತಂಬಿಗೆ ನೀರು, ಒಂದು ಚಿಟಿಕೆ ವಿಭೂತಿ, ಐದಕ್ಷರಗಳ ಮಂತ್ರಗಳಲ್ಲಿ ಪೂಜೆಯು ಪೂರ್ಣವಾಯಿತು. ಮೌನವಾಗಿ ಮೀಯಬೇಕೆಂದು ಶಾಸ್ತ್ರವು ಕಟ್ಟುಮಾಡಿದ್ದವರ ಬಾಯಿಗೆ ಶಿವಪಂಚಾಕ್ಷರಿಯು ಬಂದುದು ಈ ಮಜ್ಜನವಿಧಿಯ ಅತ್ಯಂತ ಮಹತ್ತ್ವದ ಸಂಗತಿ.

ತೊರೆಯನ್ನು ಕುರಿತ ಶ್ಲೇಷೆ

ಬಸವಣ್ಣನವರ ವಚನವೊಂದರಲ್ಲಿ ‘ತೊರೆ’ ಎಂಬ ಪದದ ಮೇಲಿನ ಶ್ಲೇಷೆಯು ಸಾಹಿತ್ಯಾಭ್ಯಾಸಿಗಳಿಗೆ ಸುಪರಿಚಿತವಾದುದು. ತೊರೆ ಎಂದರೆ ಹೊಳೆ. ತೊರೆ ಎಂದರೆ ಬಿಡು. ತೊರೆಯಲ್ಲಿ ಮೀಯಹೊರಟವರನ್ನು ಕರೆದು, ಪರಸತಿಯ ಸಂಗವನ್ನೂ ಪರಧನದ ಆಸೆಯನ್ನೂ ಮೊದಲು ತೊರೆಯುವಂತೆ ಅವರು ಹೇಳುತ್ತಾರೆ. ಅವನ್ನು ತೊರೆಯದೆ ಮಿಂದರೆ ಆ ತೊರೆ ಬರಿದೇ ಹರಿದುಹೋಯಿತೆಂಬುದು ತಾತ್ಪರ್ಯ. ಹೊಳೆಯನ್ನು ಸೂಚಿಸುವ ನಾಮಪದವನ್ನೇ ತ್ಯಾಗವನ್ನು ಸೂಚಿಸುವ ಕ್ರಿಯಾಪದವಾಗಿಸಿದ ಈ ಚಮತ್ಕಾರವು ಕನ್ನಡಕ್ಕೆ ಮಾತ್ರ ಸಾಧ್ಯವಾದುದು. ಸ್ನಾನವೆಂದರೆ ಮುಳುಗುವುದಲ್ಲ, ಬಿಡುವುದು ಎಂಬ ನಿರ್ಣಯವು ಒಂದೇ ಪದದ ಎರಡು ಅರ್ಥಗಳ ನಡುವೆ ಸಿದ್ಧವಾಗಿ ನಿಂತಿದೆ. ಕಳವು, ಕೊಲೆ, ಹುಸಿ, ಕೋಪ, ಅಸಹನೆ, ಆತ್ಮಸ್ತುತಿ, ಪರನಿಂದೆಗಳನ್ನು ಬಿಡುವುದೇ ಅಂತರಂಗ ಬಹಿರಂಗಗಳ ಶುದ್ಧಿಯೆಂದು ಮತ್ತೊಂದು ವಚನದಲ್ಲಿ ಅವರು ಸಾರಿದುದೂ ಇದೇ ನಿರ್ಣಯದ ವಿಸ್ತಾರವಾಗಿದೆ. ಒಳಗಿನ ಶುದ್ಧಿಗೆ ಒಂದು ಪಟ್ಟಿ, ಹೊರಗಿನ ಶುದ್ಧಿಗೆ ಇನ್ನೊಂದು ಪಟ್ಟಿಯನ್ನು ಅವರು ಕೊಡಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಎರಡಕ್ಕೂ ಸಾಧನವೊಂದೇ.

ಇದನ್ನು ನುಡಿದವರು ಹೊಳೆಯನ್ನು ಅರಿಯದವರಲ್ಲ. ಉಪನಯನಾದಿ ಕರ್ಮಗಳ ಬಂಧವನ್ನು ತೊರೆದು ಬಸವಣ್ಣನವರು ಬಂದು ನೆಲೆಸಿದುದು ಕೃಷ್ಣಾ ಮಲಪ್ರಭೆಗಳು ಕೂಡುವ ಸಂಗಮಕ್ಷೇತ್ರದಲ್ಲಿ. ಅಲ್ಲಿ ಅವರು ಸಂಗಮನಾಥನನ್ನು ಪೂಜಿಸಿದ ಪರಿಯನ್ನು ಹರಿಹರನ ‘ಬಸವರಾಜದೇವರ ರಗಳೆ’ಯು ಭಕ್ತಿಪರವಶತೆಯಿಂದ ವರ್ಣಿಸಿದೆ. ಅವರ ಅಂಕಿತದಲ್ಲಿಯೇ ಎರಡು ಹೊಳೆಗಳು ಕೂಡುವ ಸ್ಥಳದ ಹೆಸರಿದೆ. ತೀರ್ಥದ ನಡುವೆ ಬೆಳೆದವರು ತೀರ್ಥಸ್ನಾನವನ್ನು ಪ್ರಶ್ನಿಸಿದರು. ಆ ಪ್ರಶ್ನೆಯು ನೀರಿನ ಮೇಲಿನ ತಿರಸ್ಕಾರದಿಂದ ಹುಟ್ಟಿದುದಲ್ಲ. ನೀರಿನ ಮೇಲೆ ಮನುಷ್ಯನು ಹೊರಿಸಿದ ಹೊಣೆಯನ್ನು ಕುರಿತದ್ದು. ತಾನು ಬಿಡಬೇಕಾದುದನ್ನು ಹೊಳೆಯು ಒಯ್ಯಲೆಂದು ಕಾಯುವವನಿಗೆ ಅವರು ಎಚ್ಚರಿಕೆಯನ್ನು ಹೇಳಿದರು.

ಈ ವಿವೇಕವು ಶರಣರೊಂದಿಗೆ ನಿಲ್ಲಲಿಲ್ಲ. ಮುಂದೆ ಪುರಂದರದಾಸರ ಕೀರ್ತನೆಗಳಲ್ಲಿಯೂ ಮನಸ್ಸಿನ ಮಲವನ್ನು ಕಳೆಯದ ಸ್ನಾನದ ವ್ಯರ್ಥತೆಯು ಪ್ರತಿಪಾದಿತವಾಗಿದೆ. ಮತಭೇದಗಳನ್ನು ಮೀರಿ ಕನ್ನಡದ ಭಕ್ತಿಪರಂಪರೆಯು ಒಮ್ಮತದಿಂದ ನುಡಿದ ಮಾತುಗಳಲ್ಲಿ ಇದೂ ಒಂದು.

ಮನೆಯ ವಿಧಿ

ಶ್ರೀ ಶಿವಯೋಗಿ ಶಿವಾಚಾರ್ಯರ ‘ಸಿದ್ಧಾಂತಶಿಖಾಮಣಿ’ಯು ಭಸ್ಮದಿಂದ ಮಾಡುವ ಆಗ್ನೇಯಸ್ನಾನವನ್ನು ವಾರುಣಾದಿ ಸ್ನಾನಗಳೆಲ್ಲಕ್ಕಿಂತ ಮುಖ್ಯವೆಂದು ಎತ್ತಿಹಿಡಿಯುತ್ತದೆ. ನೀರಿನ ಸ್ನಾನವು ಹೊರಗಿನ ದೋಷವನ್ನು ಮಾತ್ರ ಕಳೆಯಬಲ್ಲುದೆಂಬುದು ಅದರ ನಿಲವು. ಸ್ಮೃತಿಗಳಲ್ಲಿ ಅಶಕ್ತರಿಗೆ ಬದಲಿಯಾಗಿದ್ದುದು ಇಲ್ಲಿ ಮುಖ್ಯವಾಯಿತು. ಆದರೂ ಭಸ್ಮವು ನೀರನ್ನು ಮನೆಯಿಂದ ಹೊರಹಾಕಲಿಲ್ಲ. ವೀರಶೈವ ಗೃಹಸ್ಥನ ನಿತ್ಯವಿಧಿಯಲ್ಲಿ ಎರಡೂ ಒಂದರ ಬೆನ್ನಿಗೆ ಒಂದು ಬರುತ್ತವೆ.

ಬೆಳಗಿನ ಜಾವದಲ್ಲಿ ಎದ್ದು ಶಿವಸ್ಮರಣೆಯನ್ನು ಮಾಡಿ, ಶೌಚ, ದಂತಧಾವನಗಳನ್ನು ಮುಗಿಸಿ, ಪಂಚಾಕ್ಷರಿಯನ್ನು ನೆನೆಯುತ್ತ ನೀರೆರೆದುಕೊಳ್ಳುವುದು ಮೊದಲ ಹಂತ. ಆಗಲೂ ಲಿಂಗವು ಅಂಗದ ಮೇಲೆಯೇ ಇರುತ್ತದೆ, ಅದನ್ನು ಅಗಲಿಸುವಂತಿಲ್ಲ. ಲಿಂಗವನ್ನು ಹೊತ್ತ ದೇಹವು ಮೈಲಿಗೆಯಾಗುವ ವಸ್ತುವಲ್ಲ, ಸೇವೆಗೆ ಸಿದ್ಧವಾಗುವ ವಸ್ತು. ತೊಳೆದ ಬಟ್ಟೆಯನ್ನುಟ್ಟು, ಶುಚಿಯಾದ ಸ್ಥಳದಲ್ಲಿ ಆಸನದ ಮೇಲೆ ಕುಳಿತುಕೊಳ್ಳುವುದು ಅನಂತರದ್ದು. ಎಡ ಅಂಗೈಯಲ್ಲಿ ವಿಭೂತಿಯನ್ನಿಟ್ಟು, ತುಸು ನೀರನ್ನು ಬೆರೆಸಿ, ಮಂತ್ರವನ್ನು ಜಪಿಸಿ, ಮೂರು ಬೆರಳುಗಳಿಂದ ಹಣೆ, ಕೊರಳು, ಎದೆ, ತೋಳು ಮೊದಲಾದ ಸ್ಥಾನಗಳಲ್ಲಿ ತ್ರಿಪುಂಡ್ರವನ್ನು ಧರಿಸುವುದು ಎರಡನೆಯ ಹಂತ. ಶಾಸ್ತ್ರಗಳು ಮೂವತ್ತೆರಡು, ಹದಿನಾರು, ಎಂಟು, ಐದು ಎಂದು ಬೇರೆಬೇರೆ ಸಂಖ್ಯೆಯ ಸ್ಥಾನಗಳನ್ನು ಹೇಳಿವೆ. ಒಣ ಭಸ್ಮವನ್ನು ಮೈಗೆಲ್ಲ ಪೂಸುವ ಉದ್ಧೂಲನವು ಈಗ ವಿರಳ. ಹಣೆಯ ಮೂರು ರೇಖೆಗಳೇ ಇಡೀ ಭಸ್ಮಸ್ನಾನದ ಪ್ರತಿನಿಧಿಗಳಾಗಿ ಉಳಿದಿವೆ.

ಮೂರನೆಯ ಹಂತ ಲಿಂಗಮಜ್ಜನ. ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿರಿಸಿಕೊಂಡು ನೀರೆರೆದು, ಒರೆಸಿ, ವಿಭೂತಿಯನ್ನು ಧರಿಸಿ, ಪತ್ರೆಪುಷ್ಪಗಳನ್ನು ಏರಿಸಿ, ಧೂಪದೀಪನೈವೇದ್ಯಗಳನ್ನು ಅರ್ಪಿಸಿ, ದೃಷ್ಟಿಯನ್ನು ಲಿಂಗದಲ್ಲಿ ನಿಲ್ಲಿಸಿ ಜಪಧ್ಯಾನಗಳಲ್ಲಿ ತೊಡಗಬೇಕು. ಕೊನೆಯದು ಪಾದೋದಕ ಸ್ವೀಕಾರ. ಗುರು, ಲಿಂಗ, ಜಂಗಮರ ಸಂಬಂಧದಿಂದ ಪವಿತ್ರವಾದ ಜಲವನ್ನು ಭಕ್ತನು ಒಳಗೆ ತೆಗೆದುಕೊಳ್ಳುತ್ತಾನೆ.

ಈ ಕ್ರಮದಲ್ಲಿ ನೀರು ಸಾಗುವ ದಾರಿಯನ್ನು ಗಮನಿಸಬೇಕು. ಮೊದಲು ಅದು ಮೈಯ ಮೇಲೆ ಹರಿಯುತ್ತದೆ. ಬಳಿಕ ಅಂಗೈಯ ಲಿಂಗದ ಮೇಲೆ ಹರಿಯುತ್ತದೆ. ಕೊನೆಗೆ ಭಕ್ತನ ಒಳಗಿಳಿಯುತ್ತದೆ. ಹೊಳೆಯಲ್ಲಿ ಮನುಷ್ಯನು ನೀರಿನೊಳಗೆ ಮುಳುಗುತ್ತಾನೆ; ಇಲ್ಲಿ ನೀರು ಮನುಷ್ಯನೊಳಗೆ ಸೇರುತ್ತದೆ. ತೀರ್ಥವೆಂಬ ಹೆಸರು ಹೊಳೆಗಿರುವಂತೆ ಅಂಗೈಯ ಈ ಜಲಕ್ಕೂ ಲೋಕರೂಢಿಯಲ್ಲಿ ಇರುವುದು ಅರ್ಥಪೂರ್ಣವಾಗಿದೆ.

ವಿಧಿಯು ಇಷ್ಟಾದರೂ ಅದು ಕಾಯಕಕ್ಕೆ ತೊಡಕಾಗಲಾಗದು. ಕಾಯಕದಲ್ಲಿ ನಿರತನಾದವನು ಲಿಂಗಪೂಜೆಯನ್ನೂ ಮರೆಯಬಹುದೆಂದು ಆಯ್ದಕ್ಕಿ ಮಾರಯ್ಯನವರು ಸಾರಿದ್ದಾರೆ. ಹಾಸಿಗೆ ಹಿಡಿದ ರೋಗಿಗೆ ಭಸ್ಮ, ಮಂತ್ರಗಳೇ ಪೂರ್ಣಸ್ನಾನ. ನೀರಿಗೆ ಬರವಿರುವ ಬಯಲುಸೀಮೆಯಲ್ಲಿ ಇಂತಹ ವಿಧಿಯು ಬೇರೂರಿದುದು ಆಶ್ಚರ್ಯವಲ್ಲ.

ಜನಪದರ ನೀರು

ಹಬ್ಬಹುಣ್ಣಿಮೆಗಳ ಸ್ನಾನವನ್ನು ಕನ್ನಡನಾಡಿನ ಹೆಣ್ಣುಮಕ್ಕಳು ಶಾಸ್ತ್ರಗ್ರಂಥಗಳ ನೆರವಿಲ್ಲದೆಯೇ ಮನೆಯ ಸಂಸ್ಕಾರವಾಗಿ ಕಾಪಾಡಿಕೊಂಡು ಬಂದಿದ್ದಾರೆ. ದೀಪಾವಳಿಯ ತ್ರಯೋದಶಿಯಂದು ನೀರು ತುಂಬುವ ಹಬ್ಬ. ಬಚ್ಚಲುಮನೆಯನ್ನು ಸಾರಿಸಿ, ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣುಗಳಿಂದ ಅಲಂಕರಿಸಿ, ನೀರು ತುಂಬಿ ಗಂಗೆಯ ಪೂಜೆಯನ್ನು ಮಾಡುತ್ತಾರೆ. ಮರುದಿನ ನಸುಕಿನಲ್ಲಿ ಮನೆಮಂದಿಗೆಲ್ಲ ಎಣ್ಣೆನೀರು. ಉತ್ತರ ಕರ್ನಾಟಕದಲ್ಲಿ ಸಂಕ್ರಾಂತಿಗೆ ಎಳ್ಳನ್ನು ಅರೆದು ಮೈಗೆ ಹಚ್ಚಿಕೊಂಡು ಮೀಯುವ ರೂಢಿಯಿದೆ. ಮದುವೆಯ ಮನೆಯಲ್ಲಿ ತಂಬಿಗೆಗಳನ್ನು ಮೂಲೆಗಳಲ್ಲಿರಿಸಿ, ದಾರವನ್ನು ಸುತ್ತಿ, ನಡುವೆ ವಧೂವರರನ್ನು ಕೂಡಿಸಿ ನೀರೆರೆಯುವ ‘ಸುರಗಿ’ಯ ಶಾಸ್ತ್ರವು ವೀರಶೈವ ಮನೆತನಗಳಲ್ಲಿಯೂ ನಡೆಯುತ್ತದೆ. ಇಲ್ಲಿ ಮಂತ್ರಕ್ಕೆ ಬದಲಾಗಿ ಹಾಡಿದೆ, ಪುರೋಹಿತನಿಗೆ ಬದಲಾಗಿ ಮುತ್ತೈದೆಯರಿದ್ದಾರೆ. ಯಾವ ಪಾಪವನ್ನೂ ತೊಳೆಯುವ ಉದ್ದೇಶ ಇದಕ್ಕಿಲ್ಲ. ಒಬ್ಬರು ಇನ್ನೊಬ್ಬರಿಗೆ ನೀರೆರೆಯುವುದರಲ್ಲಿರುವ ಅಕ್ಕರೆಯೇ ಇದರ ಜೀವಾಳ.

ಮಡಿ ಮತ್ತು ಸೂತಕ

ಈಗ ಗಾದೆಯ ಮಾತಿಗೆ ಮರಳಬಹುದು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ವೀರಶೈವಧರ್ಮವು ನಿರಾಕರಿಸಿದೆ. ಬಾಣಂತಿಗೆ ಎರೆಯುವ ಬಿಸಿನೀರು ಅವಳ ದೇಹದ ಆರೋಗ್ಯಕ್ಕಾಗಿ; ಹುಟ್ಟಿದ ಕೂಸು ತಂದ ಮೈಲಿಗೆಯನ್ನು ಕಳೆಯುವುದಕ್ಕಾಗಿ ಅಲ್ಲ. ಮುಟ್ಟಾದ ಹೆಂಗಸು ಲಿಂಗಪೂಜೆಯಿಂದ ದೂರವಿರಬೇಕಾಗಿಲ್ಲ. ದುಬಾಯ್ ದಾಖಲಿಸಿದ ಗಾದೆಯು ಗುರಿಯಿಟ್ಟುದು ಇದನ್ನೇ. ಲಿಂಗವಂತರು ಮೀಯುವುದಿಲ್ಲವೆಂಬುದು ಅದರ ನಿಜವಾದ ಆಕ್ಷೇಪಣೆಯಲ್ಲ. ಯಾರನ್ನು ದೂರವಿಡಲೆಂದು ಇತರರು ಮೀಯುತ್ತಿದ್ದರೋ ಅದಕ್ಕಾಗಿ ಇವರು ಮೀಯುವುದಿಲ್ಲವೆಂಬುದೇ ಆಕ್ಷೇಪಣೆ. ಈ ಅರ್ಥದಲ್ಲಿ ಗಾದೆಯು ನಿಂದೆಯಾಗದೆ ಪ್ರಶಸ್ತಿಪತ್ರವಾಗುತ್ತದೆ.

‘ಮಡಿ’ ಎಂಬ ಕನ್ನಡ ಪದದ ಚರಿತ್ರೆಯೂ ಇದಕ್ಕೆ ಸಾಕ್ಷಿಯಾಗಿದೆ. ಒಗೆದು ಶುಭ್ರಗೊಳಿಸಿದ ಬಟ್ಟೆ ಮಡಿ. ಅದನ್ನು ಮಾಡಿಕೊಡುವವನು ಮಡಿವಾಳ. ಊರಿನ ಕೊಳೆಯನ್ನೆಲ್ಲ ತನ್ನ ಕೈಯಾರೆ ತೊಳೆದು ಮಡಿಯನ್ನು ಕೊಡುವವನನ್ನೇ ಸಮಾಜವು ಮಡಿಯವನಲ್ಲವೆಂದು ಕೀಳಾಗಿ ಕಂಡಿತು. ಶರಣಸಮೂಹವು ದೇವರಹಿಪ್ಪರಗಿಯ ಮಡಿವಾಳ ಮಾಚಯ್ಯನವರನ್ನು ವೀರಗಣಾಚಾರಿಯೆಂದು ಗೌರವಿಸಿ, ಅವರ ಅರಿವೆ ಒಗೆಯುವ ಕಾಯಕವನ್ನು ಪೂಜೆಯ ಸಮಕ್ಕೆ ತಂದಿತು. ಶುದ್ಧಿಯನ್ನು ಉಂಟುಮಾಡುವವನೇ ಶುದ್ಧನೆಂಬ ಸರಳ ಸತ್ಯವು ಅಲ್ಲಿ ಸ್ಥಾಪಿತವಾಯಿತು.

ಆದರೆ ಚರಿತ್ರೆಯ ನಡಿಗೆ ಯಾವಾಗಲೂ ಮುಮ್ಮುಖವಾಗಿರುವುದಿಲ್ಲ. ನೆರೆಹೊರೆಯ ಆಚಾರಗಳ ಪ್ರಭಾವದಿಂದ ಅನೇಕ ವೀರಶೈವ ಮನೆಗಳಲ್ಲಿಯೂ ಮಡಿಮೈಲಿಗೆಗಳು ಹಿತ್ತಲ ಬಾಗಿಲಿನಿಂದ ಒಳಗೆ ಬಂದುವು. ಮುಟ್ಟಾದವಳನ್ನು ಪೂಜೆಯ ಕೋಣೆಯಿಂದ ದೂರವಿರಿಸುವುದು, ಸಾವಿನ ಮನೆಗೆ ಹೋಗಿಬಂದವನು ಮೈಮೇಲೆ ನೀರು ಹಾಕಿಕೊಳ್ಳದೆ ಒಳಗೆ ಬರಲಾಗದೆಂಬುದು, ಕೆಲಸದವರ ತಂ­ಬಿಗೆಯನ್ನು ಬೇರೆಯಾಗಿಡುವುದು, ಇವು ಇಂದಿಗೂ ಸಂಪೂರ್ಣವಾಗಿ ಅಳಿದಿಲ್ಲ. ಇಂತಹ ಮನೆಯಲ್ಲಿ ಹಣೆಯ ತುಂಬ ವಿಭೂತಿಯಿದ್ದರೂ ಭಸ್ಮಸ್ನಾನವು ನೆರವೇರಿದಂತಾಗುವುದಿಲ್ಲ. ಸ್ತ್ರೀಯರೊಡನೆಯೂ ಶೂದ್ರರೊಡನೆಯೂ ಮಾತನಾಡದೆ ಬೂದಿಯಲ್ಲಿ ಮಲಗಿದ್ದ ಪ್ರಾಚೀನ ಸಾಧಕನ ಸ್ಥಿತಿಗೆ ಅದು ಹಿಂದಿರುಗಿದಂತಾಗುತ್ತದೆ.

ಹಂಡೆಯ ಒಲೆ ಆರಿ ವಿದ್ಯುತ್ತಿನ ಬಿಸಿನೀರು ಬಂದಿದೆ. ಬಚ್ಚಲುಮನೆಯ ರೂಪವು ಬದಲಾಗಿದೆ. ವಿಧಿಯ ಸಾಮಗ್ರಿಗಳು ಮಾತ್ರ ಅಂದಿನಷ್ಟೇ ಅಲ್ಪವಾಗಿವೆ: ಒಂದು ತಂಬಿಗೆ ನೀರು, ಒಂದು ಚಿಟಿಕೆ ವಿಭೂತಿ, ಅಂಗೈಯ ಲಿಂಗ. ಲಿಂಗವಂತನಿಗೆ ಹೊಳೆಯಿಲ್ಲವೆಂದ ಗಾದೆಗೆ ಚರಿತ್ರೆಯು ಕೊಡುವ ಉತ್ತರವೂ ಇಲ್ಲಿಯೇ ಇದೆ. ಹೊಳೆಯು ಎಲ್ಲಿಯೂ ಹೋಗಲಿಲ್ಲ. ಹೊಳೆಯ ಬಳಿಗೆ ಬರಗೊಡದವರ ಮನೆಯನ್ನು ಹುಡುಕಿಕೊಂಡು ಅದೇ ಬಂದಿತು. ಬಂದ ಹೊಳೆಯನ್ನು ಬರಮಾಡಿಕೊಂಡ ಮನೆಯವರು ಮತ್ತೊಬ್ಬರಿಗೆ ಬಾಗಿಲು ಹಾಕಬಾರದು. ಮಜ್ಜನವಿಧಿಯ ಕೊನೆಯ ನಿಯಮವು ಅದೇ ಆಗಿದೆ.